ಹುಣ್ಣಿಮೆ ಮಾರನೇ ದಿನದ ಪರ್ಮಿಟ್ಟು

ಮದ್ರಾಸಿನಿಂದ ಮೊದಲ ಪತ್ರ ಬಂದಾಗ ನಾನು ಎರಡನೇ ಪಿಯುಸಿ ಮಕ್ಕಳಿಗೆ ಕಪ್ಪೆ ಕೊಯ್ದು ತೋರಿಸುತ್ತಿದ್ದೆ. ಅಟೆಂಡರ್ ಲ್ಯಾಬಿನ ಬಾಗಿಲಲ್ಲಿ ನಿಂತು, "ಸಾ, ನಿಮ್ ದ್ವೀಪದ್ ಕಾಗ್ದ ಬಂದದೆ" ಎಂದರು. ಕತ್ತರಿಯನ್ನು ಟ್ರೇಯಲ್ಲಿಟ್ಟು, ಕೈ ತೊಳೆದು, ಮಕ್ಕಳೆದುರಿಗೇ ಲಕೋಟೆ ಒಡೆದೆ. ಒಳಗಿದ್ದದ್ದು ನಾನೇ ಕಳಿಸಿದ್ದ ಅರ್ಜಿ. ಅದರ ಮೂಲೆಯಲ್ಲಿ ಕೆಂಪು ಶಾಯಿಯ ಒಂದು ಸಾಲು: ನಿಮ್ಮ ಇಲಾಖೆಯ ಮೂಲಕ ಬರಲಿ.

ಎಂಬತ್ತರ ದಶಕದ ಕೊನೆಯ ಭಾಗ ಅದು. ಮನ್ನಾರ್ ಖಾರಿಯ ದ್ವೀಪಗಳನ್ನು ಆಗಷ್ಟೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. ಅವುಗಳಲ್ಲೊಂದು ತೀರದಿಂದ ದೋಣಿಯಲ್ಲಿ ಎರಡು ಗಂಟೆ ದೂರ. ಅಲ್ಲಿ ಜನರಿಲ್ಲ, ಕುಡಿಯುವ ನೀರಿಲ್ಲ, ಸುತ್ತ ಜೀವಂತ ಹವಳದ ದಿಬ್ಬ. ಸಮುದ್ರ ಇಳಿದ ಹೊತ್ತಿನಲ್ಲಿ ಮೊಣಕಾಲುದ್ದದ ನೀರಿನಲ್ಲಿ ನಿಂತೇ ಹವಳವನ್ನೂ ನಕ್ಷತ್ರಮೀನನ್ನೂ ಬರಿಗಣ್ಣಿನಲ್ಲಿ ನೋಡಬಹುದು ಎಂದು ಎಲ್ಲೋ ಓದಿದ್ದೆ. ನಂಜನಗೂಡಿನ ಆ ಜೂನಿಯರ್ ಕಾಲೇಜಿನಲ್ಲಿ ನಾನು ಎಂಟು ವರ್ಷದಿಂದ ಹವಳದ ಪಾಠ ಮಾಡುತ್ತಿದ್ದೆ. ಸಮುದ್ರ ನೋಡಿದ್ದು ಒಂದೇ ಸಲ, ಮಂಗಳೂರಿನಲ್ಲಿ, ಮರಳಿನ ಮೇಲೆ ನಿಂತು. ಹವಳ ನೋಡಿದ್ದು ಪುಸ್ತಕದಲ್ಲಿ ಮಾತ್ರ.

"ಬೇಲೂರು ಹಳೇಬೀಡಿಗೆ ಏನಾಗಿದೆ ಕಣ್ರೀ?" ಎಂದು ಪ್ರಿನ್ಸಿಪಾಲರು ಕೇಳಿದ್ದರು. ನಾನು ಪಾಠದ ಪುಸ್ತಕ ತೆರೆದು ಹವಳದ ಚಿತ್ರ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದು ಹೂಕೋಸಿನ ಹಾಗಿದೆಯಲ್ರೀ. ಆಗಲಿ, ಅರ್ಜಿ ಹಾಕಿ. ಆದರೆ ನನ್ನ ತಲೆಗೆ ಏನೂ ತರಬೇಡಿ" ಎಂದರು. ಅಷ್ಟರಲ್ಲೇ ಒಪ್ಪಿಗೆ ಸಿಕ್ಕಿತೆಂದು ನಾನು ತಿಳಿದೆ.

ಅರ್ಜಿ ಎರಡನೇ ಸಲ ಮೈಸೂರಿನ ಇಲಾಖೆ ಕಚೇರಿಯ ಮೂಲಕ ಹೋಯಿತು. ಅದಕ್ಕೆ ಬಂದ ಉತ್ತರದಲ್ಲಿ ಎಲ್ಲರ ಹೆಸರು, ವಯಸ್ಸು, ತಂದೆತಾಯಿಯ ಒಪ್ಪಿಗೆ ಪತ್ರ ಕೇಳಿದ್ದರು. ಮೂರನೇ ಸಲ ಕಳಿಸಿದ್ದಕ್ಕೆ ಷರತ್ತುಗಳ ಪಟ್ಟಿಯೇ ಬಂತು. ದ್ವೀಪದಿಂದ ಒಂದು ಚಿಪ್ಪನ್ನೂ ಎತ್ತಿಕೊಂಡು ಬರುವಂತಿಲ್ಲ. ಬೆಂಕಿ ಹಚ್ಚುವಂತಿಲ್ಲ. ಬೆಳಿಗ್ಗೆ ಇಳಿದು ಮಧ್ಯಾಹ್ನದೊಳಗೆ ಹೊರಡಬೇಕು. ವಿದ್ಯಾರ್ಥಿನಿಯರಿದ್ದರೆ ಶಿಕ್ಷಕಿ ಜೊತೆಗಿರಬೇಕು. ಕೊನೆಯದು: ಪ್ರತಿ ವಿದ್ಯಾರ್ಥಿಗೂ ಲೈಫ್ ಜಾಕೆಟ್ ಇರಬೇಕು, ಇಲ್ಲವಾದರೆ ವಿದ್ಯಾರ್ಥಿಗಳೆಲ್ಲರಿಗೂ ಈಜು ಬರುತ್ತದೆಂದು ಸಂಸ್ಥೆಯ ಮುಖ್ಯಸ್ಥರು ಬರೆದುಕೊಡಬೇಕು.

ಲೈಫ್ ಜಾಕೆಟ್ಟನ್ನು ನಾನಾಗಲಿ ಅಟೆಂಡರಾಗಲಿ ಕಣ್ಣಿನಿಂದ ನೋಡಿರಲಿಲ್ಲ. ಮೈಸೂರಿನಲ್ಲಿ ಮೂರು ಕಡೆ ವಿಚಾರಿಸಿದೆ. ಇದ್ದವರ ಬಳಿ ಒಂದೋ ಎರಡೋ ಇದ್ದವು, ಅವನ್ನು ಊರು ಬಿಟ್ಟು ಕೊಡುವಂತಿರಲಿಲ್ಲ. ವಿಷಯ ಕೇಳಿದ ಅಟೆಂಡರ್ ನಕ್ಕರು. "ಅದಕ್ಯಾಕ್ ಸಾ ಮೈಸೂರ್ಗೆ ಓಗಿದ್ರಿ? ಈಜ್ ಕಲ್ಸುದ್ರಾಯ್ತು."

ಅಟೆಂಡರ್ ನನ್ನ ಹಾಗೆಯೇ ಟಿ. ನರಸೀಪುರದವರು. ಕಾವೇರಿ ಕಪಿಲೆ ಕೂಡುವ ಜಾಗದಲ್ಲಿ ಹರಿಗೋಲು ಹಾಕಿ ಮೀನು ಹಿಡಿಯುವ ಮನೆತನ. ಸರ್ಕಾರಿ ಕೆಲಸ ಸಿಕ್ಕಿದ ಮೇಲೂ ಭಾನುವಾರ ಬಲೆ ಹಾಕುವುದನ್ನು ನಿಲ್ಲಿಸಿರಲಿಲ್ಲ. ದಿನವೂ ಒಂದೇ ಬಸ್ಸಿನಲ್ಲಿ ನಾವು ನಂಜನಗೂಡಿಗೆ ಬರುತ್ತಿದ್ದೆವು. ಸಮುದ್ರದ ನೀರು ದಿನಕ್ಕೆರಡು ಸಲ ಏರಿ ಎರಡು ಸಲ ಇಳಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ, ನಾವು ಆ ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು ಎಂದು ಬಸ್ಸಿನಲ್ಲೇ ಅವರಿಗೆ ವಿವರಿಸಿದ್ದೆ. "ಗೇಟ್ ಯಾರ್ ತೆಗೀತಾರೆ ಸಾ?" ಎಂದು ಕೇಳಿದ್ದರು. ಕಬಿನಿ ಅಣೆಕಟ್ಟಿನ ಗೇಟು ತೆಗೆದಾಗ ಏರಿ, ಮುಚ್ಚಿದಾಗ ಇಳಿಯುವ ನೀರು ಮಾತ್ರ ಅವರಿಗೆ ಗೊತ್ತಿತ್ತು. ಚಂದ್ರ ಅಂದೆ. ಅವರು ನಂಬಲಿಲ್ಲ.

ಮೊದಲಿಗೆ ಹೆಸರು ಕೊಟ್ಟವರು ಹದಿನಾಲ್ಕು ಮಂದಿ. ಅವರಲ್ಲಿ ಹುಡುಗಿಯರು ಇಬ್ಬರು. ಒಬ್ಬಳು ನಂಜನಗೂಡು ಪೇಟೆಯವಳು. ಇನ್ನೊಬ್ಬಳು ಹೆಮ್ಮರಗಾಲದಿಂದ ಬರುತ್ತಿದ್ದವಳು. ಅವಳ ಅಪ್ಪ ಕಂಡವರ ಹೊಲದಲ್ಲಿ ಕೂಲಿ ಮಾಡುತ್ತಿದ್ದರು. ಕ್ಲಾಸಿನಲ್ಲಿ ಎದ್ದು ಪ್ರಶ್ನೆ ಕೇಳುವ ಹುಡುಗಿಯಲ್ಲ. ಆದರೆ ಹವಳದ ಚಿತ್ರವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು ತಂದಾಗ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಸಣ್ಣಗೆ, "ಬಣ್ಣ ಯಾವುದು?" ಎಂದು ಬರೆದಿದ್ದಳು. ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಪುಸ್ತಕದ ಚಿತ್ರ ಕಪ್ಪುಬಿಳುಪಿನದು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಅವಳ ಅಪ್ಪ ತಾವೇ ಕಾಲೇಜಿಗೆ ಬಂದರು. ಹೆಬ್ಬೆಟ್ಟು ಒತ್ತುವ ಮೊದಲು, "ಇದು ಎಷ್ಟು ದೂರ ಸಾ?" ಎಂದರು. ಚಾಮರಾಜನಗರ, ದಿಂಬಂ ಘಾಟಿ, ಸತ್ಯಮಂಗಲ, ಈರೋಡು, ಅಲ್ಲಿಂದ ರೈಲಿನಲ್ಲಿ ಮಧುರೆ, ಆಮೇಲೆ ಬಸ್ಸು, ಆಮೇಲೆ ದೋಣಿ ಎಂದು ಹೇಳುತ್ತಾ ಹೋದೆ. ಅವರು ತಲೆಯಾಡಿಸುತ್ತಾ ಕೇಳಿ, "ನಮ್ ಪೈಕೀಲಿ ಸಮುದ್ರ ಕಂಡೋರೇ ಇಲ್ಲ. ಇವ್ಳು ಓಗ್ಬರ್ಲಿ" ಎಂದು ಒತ್ತಿದರು.

ಈಜು ಕಲಿಕೆ ದಸರಾ ರಜೆ ಮುಗಿದ ಮೇಲಿನ ಭಾನುವಾರ ನಂಜನಗೂಡಿನ ಹೊಳೆಯಲ್ಲೇ ಶುರುವಾಯಿತು. ಅಟೆಂಡರ್ ಒಣಗಿದ ಸೋರೆಬುರುಡೆಗಳನ್ನು ಜೋಡಿ ಮಾಡಿ ತಂದು ಎಲ್ಲರ ಬೆನ್ನಿಗೆ ಕಟ್ಟಿದರು. ಹುಡುಗಿಯರು ಅಣ್ಣತಮ್ಮಂದಿರ ಪ್ಯಾಂಟು, ಉದ್ದ ಅಂಗಿ ತೊಟ್ಟಿದ್ದರು. ಜೊತೆಗೆ ಬರಲು ಒಪ್ಪಿದ್ದ ಕನ್ನಡ ಲೆಕ್ಚರರ್ ಮೇಡಂ ದಡದಲ್ಲಿ ಕುಳಿತಿದ್ದರು.

ಅರ್ಧ ಗಂಟೆ ಚೆನ್ನಾಗಿಯೇ ನಡೆಯಿತು. ಆಗ ಬಟ್ಟೆ ಒಗೆಯುತ್ತಿದ್ದ ಒಬ್ಬ ಹೆಂಗಸು ಹೆಮ್ಮರಗಾಲದ ಹುಡುಗಿಯನ್ನು, "ಯಾವೂರವ್ವ ನಿಂದು?" ಎಂದು ಕೇಳಿದರು. ಊರು ಹೇಳಿದಳು. "ಯಾವ ಕೇರಿ?" ಎಂಬ ಪ್ರಶ್ನೆ ಬಂತು. ಅದನ್ನೂ ಹೇಳಿದಳು. ಆ ಹೆಂಗಸು ತಕ್ಷಣ ಎದ್ದರು. ಒಗೆದಿದ್ದ ಬಟ್ಟೆಯನ್ನೆಲ್ಲ ಮತ್ತೆ ಬುಟ್ಟಿಗೆ ತುಂಬಿಕೊಂಡು ಹೊಳೆಯ ಮೇಲ್ಗಡೆಗೆ ಹೋಗಿ, ಅಲ್ಲಿ ಮೊದಲಿಂದ ಒಗೆಯತೊಡಗಿದರು. ಹುಡುಗಿ ನೀರಿನಿಂದ ಎದ್ದು ಬಂದಳು. ಬುರುಡೆ ಬಿಚ್ಚಲು ಹೋದಳು, ಗಂಟು ಸಿಗಲಿಲ್ಲ.

"ನಾನು ಬರಲ್ಲ ಸಾರ್" ಎಂದಳು.

ನಾನು ಆ ಹೆಂಗಸಿಗೆ ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಅಟೆಂಡರ್ ಮಾತ್ರ ನೀರಿನಲ್ಲಿ ನಿಂತಲ್ಲಿಂದಲೇ, "ಬುಡವ್ವ. ನಮ್ಮೂರಲ್ಲಿ ಎರಡು ಒಳೆ ಅವೆ. ಅಲ್ಲಿ ನಮ್ಮನೆ ಮುಂದ್ಕೇ ನೀರು. ಯಾರ್ ಕೇಳ್ತಾರೆ ನೋಡವ" ಎಂದರು.

ಮುಂದಿನ ಭಾನುವಾರದಿಂದ ಎಲ್ಲರೂ ನರಸೀಪುರಕ್ಕೆ ಬಂದರು. ಹೆಮ್ಮರಗಾಲದಿಂದ ಅವಳಿಗೆ ಎರಡು ಬಸ್ಸು. ಪ್ರತಿ ಸಲವೂ ಅಪ್ಪ ಜೊತೆಗೆ ಬಂದು, ದಡದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಮಗಳು ಮುಳುಗಿದಾಗಲೆಲ್ಲ ಎದ್ದು ನಿಲ್ಲುತ್ತಿದ್ದರು. "ಕೆರೇಲಿ ಎಮ್ಮೆ ಮೈ ತೊಳ್ದಿರದು ಬುಟ್ರೆ ನೀರ್ಗಿಳ್ದೋರಲ್ಲ ಸಾ ನಾವು" ಎಂದು ನನಗೆ ಹೇಳಿದರು. ಮೂರನೇ ವಾರ ಅಟೆಂಡರ್ ಅವಳ ಬೆನ್ನಿನ ಬುರುಡೆಗಳಲ್ಲಿ ಒಂದನ್ನು ಬಿಚ್ಚಿದರು. ಐದನೇ ವಾರ ಎರಡನ್ನೂ. ನವೆಂಬರ್ ಮುಗಿಯುವ ಹೊತ್ತಿಗೆ ಹೊಳೆ ಇಳಿದು ನಡುವೆ ಮರಳುದಿಣ್ಣೆ ಎದ್ದಿತ್ತು. ಅವಳು ದಡದಿಂದ ಅಲ್ಲಿಗೆ ಈಜಿ, ಒಂದು ಗಳಿಗೆ ನಿಂತು, ತಿರುಗಿ ಈಜಿ ಬಂದಳು. ಹುಡುಗರಲ್ಲಿ ಮೂವರು ಮಾತ್ರ ಅಷ್ಟು ದೂರ ಹೋಗಬಲ್ಲವರಾಗಿದ್ದರು.

ನಾನೂ ಕಲಿಯಲು ಪ್ರಯತ್ನಪಟ್ಟೆ. ನರಸೀಪುರದಲ್ಲೇ ಹುಟ್ಟಿದ ನನಗೆ ಈಜು ಬರುತ್ತಿರಲಿಲ್ಲ. ನಾನು ಹುಟ್ಟುವ ಮೊದಲೇ ನನ್ನ ಸೋದರಮಾವ ಆ ಸಂಗಮದಲ್ಲಿ ಮುಳುಗಿ ತೀರಿಹೋಗಿದ್ದರು. ಅಮ್ಮ ನನ್ನನ್ನು ಮೆಟ್ಟಿಲಿನಿಂದ ಕೆಳಗೆ ಇಳಿಯಗೊಟ್ಟವರಲ್ಲ. ಅಟೆಂಡರ್ ನನ್ನ ಹೊಟ್ಟೆಯ ಕೆಳಗೆ ಕೈ ಕೊಟ್ಟು ತೇಲಿಸಲು ನೋಡಿ ನೋಡಿ ಸಾಕಾಗಿ, "ಸಾ, ನೀವು ನೀರ್ನ ಇಡ್ಕಳಕ್ ಓಯ್ತೀರಿ. ಇಡ್ಕಳಕ್ಕಾಯ್ತದಾ ಅದ್ನ?" ಎಂದರು. ಟೈರ್ ಅಂಗಡಿಯವರು ಕೊಟ್ಟ ಹಳೇ ಲಾರಿ ಟ್ಯೂಬುಗಳಲ್ಲಿ ಒಂದನ್ನು ನನಗಾಗಿ ಎತ್ತಿಟ್ಟರು.

ಡಿಸೆಂಬರ್ ಬಂದಂತೆ ಪಟ್ಟಿ ಸವೆಯಿತು. ಇಬ್ಬರು ಶಬರಿಮಲೆಗೆ ಮಾಲೆ ಹಾಕಿಕೊಂಡರು. ಒಬ್ಬನ ಅಜ್ಜಿ ಕೆಟ್ಟ ಕನಸು ಕಂಡರು. ಪೇಟೆಯ ಹುಡುಗಿಯ ಮನೆಯವರು ಗಡಿ ಆಚೆ ಗಲಾಟೆ ಇದೆ, ಸಿಂಹಳದ ಸಮುದ್ರ ಹತ್ತಿರ ಎಂದು ಬಿಡಿಸಿಕೊಂಡರು. ಈಜಿನ ಸರ್ಟಿಫಿಕೇಟಿಗೆ ಪ್ರಿನ್ಸಿಪಾಲರು, ಈಜುವುದನ್ನು ನಾನೇ ಕಂಡ ಮಕ್ಕಳಿಗೆ ಮಾತ್ರ ಸಹಿ ಹಾಕುತ್ತೇನೆ ಎಂದು ಒಂದು ಭಾನುವಾರ ನರಸೀಪುರಕ್ಕೇ ಬಂದು, ಕೊಡೆ ಹಿಡಿದು ದಡದಲ್ಲಿ ನಿಂತು ಒಬ್ಬೊಬ್ಬರನ್ನೂ ಈಜಿಸಿ ನೋಡಿದರು. ಉಳಿದದ್ದು ಆರು ಜನ. ಐದು ಹುಡುಗರು, ಹೆಮ್ಮರಗಾಲದ ಹುಡುಗಿ. ಒಬ್ಬಳಿಗೋಸ್ಕರ ಮೇಡಂ ಬರುತ್ತಾರೋ ಇಲ್ಲವೋ ಎಂದು ನಾನು ಅಳುಕುತ್ತಲೇ ಕೇಳಿದೆ. "ಅವಳೊಬ್ಬಳೇ ಆದ್ರೂ ಬರ್ತೀನಿ ಸಾರ್" ಎಂದರು.

ಪರ್ಮಿಟ್ಟು ಕ್ರಿಸ್ಮಸ್ ರಜೆಗೆ ಎರಡು ವಾರ ಇರುವಾಗ ಬಂತು. ಒಂದೇ ಒಂದು ದಿನಕ್ಕೆ, ಹುಣ್ಣಿಮೆಯ ಮಾರನೇ ದಿನಕ್ಕೆ ಕೊಟ್ಟಿದ್ದರು. ಅಲ್ಲಿನ ರೇಂಜರ್ ದೋಣಿಯವನ ಜೊತೆ ಮಾತಾಡಿರುವುದಾಗಿಯೂ, ಆ ಬೆಳಿಗ್ಗೆ ನೀರು ಚೆನ್ನಾಗಿ ಇಳಿಯುತ್ತದೆಂದೂ ಕೈಬರಹದಲ್ಲಿ ಸೇರಿಸಿದ್ದರು. ಸ್ಟೇಷನ್ ಮಾಸ್ತರರಿಂದ ರೈಲಿನ ರಿಯಾಯಿತಿ ಫಾರಂ ತಂದು ತುಂಬಿದೆ. ಎರಡು ಕ್ಯಾನು ಕುಡಿಯುವ ನೀರು, ಅವಲಕ್ಕಿ, ಬೆಲ್ಲ, ಅಯೋಡಿನ್, ಹಗ್ಗ, ಟ್ಯೂಬು, ಪಂಪು ಎಲ್ಲ ಲ್ಯಾಬಿನ ಮೂಲೆಯಲ್ಲಿ ಸೇರಿತು. ಅಟೆಂಡರ್ ಆ ಮೂಲೆಗೆ ಯಾರನ್ನೂ ಬಿಡುತ್ತಿರಲಿಲ್ಲ.

ಹೊರಡಲು ಮೂರು ದಿನ ಇರುವಾಗ ರೇಡಿಯೋದ ಬೆಳಗಿನ ಪ್ರದೇಶ ಸಮಾಚಾರದಲ್ಲಿ ಕೇಳಿದೆ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಪಶ್ಚಿಮದ ಕಡೆಗೆ ಚಲನೆ, ತಮಿಳುನಾಡಿನ ದಕ್ಷಿಣ ಕರಾವಳಿಯಲ್ಲಿ ಬಿರುಗಾಳಿಯ ಸಾಧ್ಯತೆ. ಮಧ್ಯಾಹ್ನವೂ ಅದೇ. ಮಾರನೇ ದಿನ ಬೆಳಿಗ್ಗೆ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಎಂಬುದೂ ಸೇರಿತು. ನಂಜನಗೂಡಿನ ಅಂಚೆ ಕಚೇರಿಯಲ್ಲಿ ಅರ್ಜೆಂಟ್ ಟ್ರಂಕ್ ಕಾಲ್ ಬುಕ್ ಮಾಡಿ ಎರಡು ಗಂಟೆ ಬೆಂಚಿನ ಮೇಲೆ ಕಾದೆ. ರೇಂಜರ್ ಸಿಕ್ಕರು. ಇಂಗ್ಲಿಷಿಗೆ ತಮಿಳು ಬೆರೆಸಿ ಗಟ್ಟಿಯಾಗಿ ಮಾತಾಡಿದರು. ಇಲ್ಲಿ ಬಿಸಿಲಿದೆ. ನೀವು ಬರುವ ದಿನ ಏನೆಂದು ನಾನು ಹೇಗೆ ಹೇಳಲಿ? ದೋಣಿಯವನು ನೋಡಿಕೊಂಡು ಬಿಡುತ್ತಾನೆ. ದಿನ ಮುಂದಕ್ಕೆ ಹಾಕಬಹುದೇ ಎಂದೆ. ಆಗುವುದಿಲ್ಲ, ಬೇರೆ ದಿನಕ್ಕೆ ಹೊಸ ಅರ್ಜಿ, ಅದೂ ಮುಂದಿನ ವರ್ಷಕ್ಕೆ. ಬರುವುದು ಬಿಡುವುದು ನಿಮಗೆ ಸೇರಿದ್ದು ಎಂದರು. ಲೈನು ಕಟ್ಟಾಯಿತು.

ಪ್ರಿನ್ಸಿಪಾಲರೂ ರೇಡಿಯೋ ಕೇಳಿದ್ದರು. ಹೊರಡುವ ದಿನ ಬೆಳಿಗ್ಗೆ ಅವರ ಕೊಠಡಿಗೆ ನಾನೂ ಮೇಡಮ್ಮೂ ಹೋದಾಗ ಮೇಜಿನ ಮೇಲೆ ಟೈಪ್ ಮಾಡಿಸಿದ ಒಂದು ಹಾಳೆ ಇತ್ತು. ಪ್ರವಾಸದಲ್ಲಿ ಯಾವುದೇ ಅನಾಹುತವಾದರೂ ಅದಕ್ಕೆ ಕೆಳಗೆ ಸಹಿ ಮಾಡಿದವರೇ ಪೂರ್ತಿ ಹೊಣೆ ಎಂದಿತ್ತು.

"ನಾನು ಬೇಡ ಅಂತಿಲ್ಲ ಕಣ್ರೀ. ಮಕ್ಕಳು ಎಷ್ಟು ಕಷ್ಟಪಟ್ಟಿದಾರೆ ಅಂತ ಕಣ್ಣಾರೆ ಕಂಡಿದೀನಿ. ನಿಮಗೆ ಧೈರ್ಯ ಇದ್ರೆ ಹಾಕಿ, ಹೋಗಿಬನ್ನಿ."

"ಹೋಗೋಣ ಸಾರ್" ಎಂದರು ಮೇಡಂ. "ದಡದವರೆಗೆ ಹೋಗಿ ನೋಡೋಣ. ಗಾಳಿ ಇದ್ರೆ ದೋಣಿ ಹತ್ತೋದು ಬೇಡ, ವಾಪಸ್ ಬರೋಣ. ನಾನೂ ಸೈನ್ ಹಾಕ್ತೀನಿ."

ಅದು ಸರಿಯಾದ ಮಾತಾಗಿತ್ತು. ಇವತ್ತಿಗೂ ಹಾಗೇ ಅನಿಸುತ್ತದೆ. ಆದರೆ ನನಗೆ ನನ್ನ ಮೇಲೆ ನಂಬಿಕೆ ಇರಲಿಲ್ಲ. ಅಷ್ಟು ದೂರ ಹೋಗಿ, ಆರು ಮಕ್ಕಳು ಮುಖ ನೋಡುತ್ತಾ ನಿಂತಿರುವಾಗ, ದೋಣಿಯವನು ಬನ್ನಿ ಎಂದರೆ ನಾನು ಬೇಡ ಅನ್ನಲಾರೆ. ಹತ್ತಿಬಿಡುತ್ತೇನೆ. ಹತ್ತಿದ ಮೇಲೆ ಯಾರಾದರೂ ಬಿದ್ದರೆ ನಾನು ಟ್ಯೂಬು ಹಿಡಿದು ನೋಡುತ್ತಾ ಕೂರಬೇಕು. ಪೆನ್ನಿನ ಮುಚ್ಚಳ ತೆಗೆದು ಹಾಳೆಯ ಮೇಲೆ ಕೈಯಿಟ್ಟೆ. ಹೆಸರಿನ ಮೊದಲ ಅಕ್ಷರ ಬರೆದದ್ದೂ ಉಂಟು. ಅಲ್ಲಿಗೆ ನಿಲ್ಲಿಸಿದೆ.

"ಬೇಡ ಸಾರ್. ಕ್ಯಾನ್ಸಲ್ ಮಾಡೋಣ" ಎಂದೆ.

ಪ್ರಿನ್ಸಿಪಾಲರು ಹಾಳೆಯನ್ನು ಡ್ರಾಯರಿಗೆ ಹಾಕಿದರು. ಅವರಿಗೆ ಸಮಾಧಾನವಾಯಿತೋ ಬೇಸರವಾಯಿತೋ ಮುಖದಲ್ಲಿ ಕಾಣಲಿಲ್ಲ. ಮೇಡಂ ಎದ್ದು ಹೊರಗೆ ಹೋದರು.

ಊರೂರಿನ ಮಕ್ಕಳಿಗೆ ಸುದ್ದಿ ಮುಟ್ಟಿಸಲು ಸಮಯವಿರಲಿಲ್ಲ. ಅದೇ ಮಧ್ಯಾಹ್ನ ಎಲ್ಲರೂ ಕಾಲೇಜಿನ ಮುಂದೆ ಚೀಲ ಹಿಡಿದು ಸೇರಿದರು. ಹೆಮ್ಮರಗಾಲದ ಹುಡುಗಿ ಹೊಸ ರಿಬ್ಬನ್ ಕಟ್ಟಿದ್ದಳು. ಅವಳಪ್ಪ ತಲೆಯ ಮೇಲೆ ಬುತ್ತಿಯ ಗಂಟು ಹೊತ್ತಿದ್ದರು. ಎಲ್ಲರಿಗೂ ಆಗುವಷ್ಟು ರೊಟ್ಟಿ ಎಂದು ಆಮೇಲೆ ಗೊತ್ತಾಯಿತು. ನಾನು ಮೆಟ್ಟಿಲ ಮೇಲೆ ನಿಂತು, ಹವಾಮಾನ ಸರಿಯಿಲ್ಲ, ಪ್ರವಾಸ ರದ್ದಾಗಿದೆ ಎಂದೆ. ಹುಡುಗರಲ್ಲೊಬ್ಬ ಚೀಲವನ್ನು ನೆಲಕ್ಕೆ ಕುಕ್ಕಿದ. ಅವಳು ಅಪ್ಪನ ಕಡೆ ತಿರುಗಿದಳು.

ಅವಳಪ್ಪ ಗಂಟು ಇಳಿಸಿ ಹತ್ತಿರ ಬಂದರು. "ರೇಡಿಯಾದಲ್ಲಿ ಏಳುದ್ರಾ ಸಾ?"

"ಹೌದು. ಬಿರುಗಾಳಿ ಬರೋ ಹಾಗಿದೆಯಂತೆ."

"ಅಂಗಾರೆ ಬುಡಿ, ಮಕ್ಳ ಜೀವ ದೊಡ್ದು." ಆಮೇಲೆ ದನಿ ತಗ್ಗಿಸಿದರು. "ಊರಲ್ಲೆಲ್ಲ ಏಳ್ಕಂಡ್ ಬಂದ್ಬುಟ್ಟೆ ಸಾ. ಗೌಡ್ರ ಮನೆ ಜಗಲಿ ಮುಂದೆ ನಿಂತ್ಕಂಡೂ ಏಳ್ದೆ. ನನ್ ಮಗ್ಳು ಸಮುದ್ರುಕ್ ಓಯ್ತಾವ್ಳೆ ಅಂತ. ಈಗ್ ತಿರ್ಗಾ ಅದೇ ದಾರೀಲೇ ಓಗ್ಬೇಕು."

ಮುಂದಿನ ಸಲ ಖಂಡಿತ ಎಂದೆ. ಮುಂದಿನ ವರ್ಷ ಅವಳು ಈ ಕಾಲೇಜಿನಲ್ಲಿ ಇರುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು. ಅವರು ರೊಟ್ಟಿಯ ಗಂಟನ್ನು ಅಲ್ಲೇ ಬಿಚ್ಚಿ ಎಲ್ಲರಿಗೂ ಹಂಚಿದರು. ನನಗೂ ಕೊಟ್ಟರು. ತಿಂದೆ.

ಹುಣ್ಣಿಮೆಯ ಮಾರನೇ ದಿನ ರೇಡಿಯೋ ಹಚ್ಚಿದೆ. ಕುಸಿತ ಉತ್ತರಕ್ಕೆ ತಿರುಗಿ ಸಮುದ್ರದಲ್ಲೇ ದುರ್ಬಲಗೊಂಡಿದೆ ಎಂದರು. ನರಸೀಪುರದ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಮನೆಯಲ್ಲಿ ಕೂರಲಾಗದೆ ಅಟೆಂಡರ್ ಮನೆಗೆ ಹೋದೆ. ಅವರು ಹೊರಗೆ ಕುಳಿತು ಬಲೆ ನೇಯುತ್ತಿದ್ದರು. ನಾನು ಮಾಡಿದ್ದು ತಪ್ಪಾಯಿತೇ ಎಂದು ಕೇಳಿದೆ. ಬಲೆಯಿಂದ ಕಣ್ಣೆತ್ತದೆ, "ನಾನೇನ್ ಏಳ್ಲಿ ಸಾ. ನಾನಾಗಿದ್ರೆ ಓಗ್ತಿದ್ದೆ. ನಂಗೆ ಈಜ್ ಬತ್ತದೆ, ಅದ್ಕೆ ಓಗ್ತಿದ್ದೆ" ಎಂದರು. ಮತ್ತೆ ಆ ವಿಷಯವನ್ನು ಅವರು ಯಾವತ್ತೂ ಎತ್ತಲಿಲ್ಲ. ಬಸ್ಸಿನಲ್ಲಿ ಮಾತ್ರ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಹಿಂದೆ ಹೋಗಿ ಕೂರತೊಡಗಿದರು.

ಏಪ್ರಿಲ್‌ನಲ್ಲಿ ಉತ್ತರಪತ್ರಿಕೆ ತಿದ್ದಲು ಮೈಸೂರಿಗೆ ಹೋಗಿದ್ದೆ. ನನ್ನ ಮೇಜಿನಲ್ಲೇ ಬೇರೆ ಜಿಲ್ಲೆಯ ಒಬ್ಬ ಲೆಕ್ಚರರ್ ಇದ್ದರು. ಕಾಫಿಯ ಹೊತ್ತಿನಲ್ಲಿ ಅವರು ಕವರಿನಿಂದ ಬಣ್ಣದ ಫೋಟೋಗಳನ್ನು ತೆಗೆದು ಹರಡಿದರು. ಅದೇ ದ್ವೀಪ. ನಮ್ಮ ಪರ್ಮಿಟ್ಟಿನ ಮಾರನೇ ದಿನಕ್ಕೆ ಅವರದಿತ್ತು.

"ಗಾಳಿ ಇತ್ತಾ ಸಾರ್?" ಎಂದೆ.

"ಗಾಳಿ ಎಲ್ಲಿ ಬಂತು? ಕೆರೆ ನೀರು ನಿಂತ ಹಾಗಿತ್ತು ಕಣ್ರೀ. ದೋಣಿಯವನು ಹಿಂದಿನ ದಿನ ನಿಮಗೆ ಕಾದ್ನಂತೆ." ಇನ್ನು ಮುಂದೆ ಅಲ್ಲಿಗೆ ಕಾಲೇಜಿನವರನ್ನು ಬಿಡುವುದಿಲ್ಲವಂತೆ, ತಾವೇ ಕೊನೆಯವರು ಎಂದೂ ಹೇಳಿದರು.

ಮಕ್ಕಳಿಗೆ ಈಜು ಎಲ್ಲಿ ಕಲಿಸಿದಿರಿ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. "ಅಯ್ಯೋ, ಅದಾ? ಎಲ್ರಿಗೂ ಬರುತ್ತೆ ಅಂತ ನಮ್ಮ ಪ್ರಿನ್ಸಿಪಾಲ್ರು ಬರೆದುಕೊಟ್ರು. ನಲವತ್ತು ಮಕ್ಕಳು. ಒಬ್ರಿಗೂ ಬರ್ತಿರಲಿಲ್ಲ." ನಾನು ಒಂದು ಫೋಟೋ ಕೇಳಿದೆ. ಧಾರಾಳವಾಗಿ ಕೊಟ್ಟರು.

ಜೂನಿನಲ್ಲಿ ಹೆಮ್ಮರಗಾಲದ ಹುಡುಗಿ ಅಂಕಪಟ್ಟಿಗೆ ಬಂದಳು. ಎರಡನೇ ದರ್ಜೆಯಲ್ಲಿ ಪಾಸಾಗಿದ್ದಳು. ಮುಂದೆ ಏನು ಎಂದರೆ ಇನ್ನೂ ಗೊತ್ತಿಲ್ಲ ಎಂದಳು. ಫೋಟೋ ಎರಡು ತಿಂಗಳಿಂದ ನನ್ನ ಮೇಜಿನೊಳಗಿತ್ತು. ತೋರಿಸಬೇಕೋ ಬೇಡವೋ ಎಂದು ತೀರ್ಮಾನ ಮಾಡಿರಲಿಲ್ಲ. ಅವಳು ಹೊರಡಲು ಎದ್ದಾಗ ತೆಗೆದು ಕೈಗೆ ಕೊಟ್ಟೆ. ನೀರು ತಿಳಿಯಾಗಿತ್ತು. ಹುಡುಗ ಹುಡುಗಿಯರು ಪ್ಯಾಂಟು, ಲಂಗ ಮೇಲೆತ್ತಿಕೊಂಡು ಸಾಲಾಗಿ ನಿಂತಿದ್ದರು. ಅವರ ಕಾಲ ಬಳಿ ಹವಳ ಕಂದು, ನೇರಳೆ, ಒಂದು ಕಡೆ ತೆಳು ಹಸಿರು.

ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಬಣ್ಣದ ಬಗ್ಗೆ ಕೇಳುತ್ತಾಳೆಂದು ಕಾದೆ.

"ಇವ್ರಿಗೆಲ್ಲ ಈಜು ಬರ್ತಿತ್ತಾ ಸಾರ್?" ಎಂದಳು.

ಹೌದು ಎಂದುಬಿಡಬಹುದಿತ್ತು. ಆಗಲಿಲ್ಲ. "ಇಲ್ಲಮ್ಮ. ಯಾರಿಗೂ ಬರ್ತಿರಲಿಲ್ಲ" ಎಂದೆ.

ಅವಳು ಫೋಟೋವನ್ನು ಇನ್ನೊಂದು ಸಲ ನೋಡಿ, ಮೇಜಿನ ಮೇಲಿಟ್ಟಳು. ಅಂಕಪಟ್ಟಿಯನ್ನು ಮಡಿಸಿ ಪುಸ್ತಕದೊಳಗೆ ಸೇರಿಸಿದಳು. ಬಸ್ಸಿಗೆ ಹೊತ್ತಾಯಿತು ಎಂದು ಹೇಳಿ ಹೊರಟುಹೋದಳು.